ಅಕ್ಕನ ಹುಬ್ಬು

ನಮ್ಮಕ್ಕ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಹಾಡು ಕಲಿಸುತ್ತಾಳೆ. ಎಡಗೈ ಹಾರ್ಮೋನಿಯಂನ ತಿದಿ ಒತ್ತುತ್ತದೆ, ಬಲಗೈ ನುಡಿಸುತ್ತದೆ, ಬಾಯಿಯಂತೂ ಹುಟ್ಟಿದಾಗಿನಿಂದ ಸುಮ್ಮನಿಲ್ಲ. ವಯಸ್ಸಾಗುತ್ತ ಹಣೆಯ ಮೇಲೆ ಅಡ್ಡಗೆರೆಗಳು ಬಿದ್ದಿದ್ದವು. ನನಗೆ ಅವು ಇಷ್ಟ. ಅವಳಿಗೆ ಕಂಡರಾಗದು.

ಸಿಕ್ಕವರೆಲ್ಲ "ಯಾಕೆ ಟೀಚರ್, ಹುಷಾರಿಲ್ವಾ?" ಎಂದು ಕೇಳಿ ಅವಳಿಗೆ ತಲೆ ಚಿಟ್ಟು ಹಿಡಿದಿತ್ತು. ಶಾಲೆಯ ವಾರ್ಷಿಕೋತ್ಸವ ಹತ್ತಿರವಾದಾಗ ಗೆರೆ ಹೋಗಿಸುವ ಇಂಜೆಕ್ಷನ್ ಹಾಕಿಸಿಕೊಳ್ಳಲು ನನ್ನನ್ನೂ ಎಳೆದುಕೊಂಡು ಚರ್ಮದ ಡಾಕ್ಟರ ಹತ್ತಿರ ಹೋದಳು.

ಡಾಕ್ಟರಮ್ಮ ಸಮಾಧಾನದವರು. "ಈ ಇಂಜೆಕ್ಷನ್ ಗೆರೆಯನ್ನ ತುಂಬಲ್ಲ. ನರ ಕಳಿಸೋ ಸುದ್ದಿ ಸ್ನಾಯುವಿಗೆ ಮುಟ್ಟದ ಹಾಗೆ ತಡೆಯತ್ತೆ. ಸ್ನಾಯು ಸಡಿಲ ಆದ್ರೆ ಚರ್ಮ ಮಡಚಿಕೊಳ್ಳಲ್ಲ. ಪರಿಣಾಮ ನಿಧಾನವಾಗಿ ಕಾಣತ್ತೆ, ಮೂರ್ನಾಲ್ಕು ತಿಂಗಳಲ್ಲಿ ತಾನಾಗೇ ಇಳಿಯತ್ತೆ. ಒಮ್ಮೆ ಹಾಕಿದ ಮೇಲೆ ವಾಪಸ್ ತೆಗೆಯೋಕಾಗಲ್ಲ. ಮೊದಲನೇ ಸಲ, ಸ್ವಲ್ಪ ಕಮ್ಮಿ ಹಾಕೋಣ."

"ಕಮ್ಮಿ ಯಾಕೆ? ಒಂದು ಗೆರೆನೂ ಕಾಣಬಾರದು," ಎಂದಳು ಅಕ್ಕ.

ಹಿಡಿದ ಹಟ ಬಿಡುವವಳಲ್ಲ. ಡಾಕ್ಟರಮ್ಮ ಅವಳ ಔಷಧಿ, ಕಾಯಿಲೆಗಳನ್ನೆಲ್ಲ ವಿಚಾರಿಸಿ, ಹಣೆಗೆ ಸಣ್ಣ ಸೂಜಿಯಿಂದ ಅಲ್ಲಲ್ಲಿ ಚುಚ್ಚಿದರು. ಎರಡು ವಾರಕ್ಕೆ ಹಣೆ ಇಸ್ತ್ರಿ ಮಾಡಿದ ಹಾಗಾಯಿತು. ಅಕ್ಕ ಹೋದಲ್ಲೆಲ್ಲ ಕನ್ನಡಿ ಹುಡುಕಿದಳು. ಅವಳ ಖುಷಿ ನೋಡಿ ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಎಡವಟ್ಟಾದದ್ದು ಹಾಡಿನ ಕೋಣೆಯಲ್ಲಿ. ವಾರ್ಷಿಕೋತ್ಸವದ ಹಾಡಿನ ಮೊದಲ ಸಾಲನ್ನು ಗುಬ್ಬಚ್ಚಿ ಒಬ್ಬಳೇ ಹಾಡಬೇಕಿತ್ತು. ಗುಬ್ಬಚ್ಚಿ ಎಂದರೆ ತರಗತಿಯಲ್ಲೇ ಚಿಕ್ಕವಳು, ಹೆಸರು ಕೂಗಿದರೂ ಉತ್ತರ ಕೊಡಲು ಹೆದರುವ ಹುಡುಗಿ. ಅವಳ ಬಾಯಿ ಬಿಡಿಸಲು ಅಕ್ಕ ವರ್ಷವಿಡೀ ಹೆಣಗಿದ್ದಳು. ಅಂದು ಹಾರ್ಮೋನಿಯಂ ಶುರುವಾಯಿತು, ಸಾಲು ಬರುವ ಜಾಗ ಬಂತು, ಹೋಯಿತು. ಅಕ್ಕ ಮತ್ತೆ ನುಡಿಸಿದಳು. ಗುಬ್ಬಚ್ಚಿ ಅಕ್ಕನ ಮುಖವನ್ನೇ ನೋಡುತ್ತ ನಿಂತಿದ್ದಳು.

"ಯಾಕೆ ಪುಟ್ಟಾ, ಮರೆತುಹೋಯ್ತಾ?"

"ನೀವು ಕರೀಲೇ ಇಲ್ಲ ಟೀಚರ್," ಎಂದಳು. "ಕೋಪ ಬಂದಿದ್ಯಾ?"

ಅಕ್ಕನಿಗೆ ಆಗ ಹೊಳೆಯಿತು. ಎರಡು ಕೈಗೂ ಬಿಡುವಿಲ್ಲದ ಅವಳು ಇಷ್ಟು ವರ್ಷ ಮಕ್ಕಳನ್ನು ಹಾಡಿಗೆ ಕರೆಯುತ್ತಿದ್ದದ್ದು ಹುಬ್ಬು ಹಾರಿಸಿ. ಅದು ಅವಳಿಗೇ ಗೊತ್ತಿರಲಿಲ್ಲ. ಈಗ ಎಷ್ಟು ಎತ್ತಿದರೂ ಹುಬ್ಬು ಜಪ್ಪಯ್ಯ ಎನ್ನಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದಳು. "ಕಾಯಬೇಕು, ಬೇರೆ ದಾರಿ ಇಲ್ಲ," ಎಂದರು ಅವರು. ತಲೆಯಾಡಿಸಿ ಕರೆದು ನೋಡಿದಳು. ಮಕ್ಕಳೂ ತಿರುಗಿ ತಲೆಯಾಡಿಸಿದವು, ಹಾಡಲಿಲ್ಲ.

"ಅವಳಿಗೆ ಹಾಡೋಕೆ ಆಗ್ಲಿಲ್ಲ ಅಂದ್ರೆ ಇನ್ನು ಯಾವತ್ತೂ ಬಾಯಿ ಬಿಡಲ್ಲ ಕಣೇ," ಎಂದು ನನ್ನೆದುರು ಅತ್ತಳು. ಅಳುವಾಗಲೂ ಹಣೆ ನುಣ್ಣಗೇ ಇತ್ತು.

ವಾರ್ಷಿಕೋತ್ಸವದ ದಿನ ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಹಾರ್ಮೋನಿಯಂ ಶುರುವಾಯಿತು. ಜಾಗ ಬಂತು. ಗುಬ್ಬಚ್ಚಿಯ ದನಿ ಬರಲಿಲ್ಲ. ಅಕ್ಕ ತಿದಿ ಬಿಟ್ಟು ಎಡಗೈ ಅವಳತ್ತ ಚಾಚಿದಳು. ಗಾಳಿಯಿಲ್ಲದೆ ಹಾರ್ಮೋನಿಯಂ ನರಳಿ ನಿಂತಿತು. ಗುಬ್ಬಚ್ಚಿ ಬಂದು ಆ ಕೈ ಹಿಡಿದುಕೊಂಡಳು. ಹಿಡಿದುಕೊಂಡೇ, ಯಾವ ವಾದ್ಯದ ಆಸರೆಯೂ ಇಲ್ಲದೆ, ಇಡೀ ಸಾಲು ಹಾಡಿದಳು. ನಾನು ಗಳಗಳ ಅತ್ತೆ. ಪಕ್ಕದವರು ಗುಬ್ಬಚ್ಚಿ ನನ್ನ ಮಗಳು ಎಂದುಕೊಂಡರೇನೋ.

ಕೆಲವು ತಿಂಗಳಾದ ಮೇಲೆ ಬೆಳಿಗ್ಗೆಯೇ ಅಕ್ಕನ ಫೋನ್. "ಬಂತು ಕಣೇ, ಒಂದು ಗೆರೆ ಬಂತು!" ಹೆರಿಗೆ ಸುದ್ದಿ ಹೇಳುವಷ್ಟು ಸಡಗರ. ನೋಡಲು ಶಾಲೆಗೇ ಹೋದೆ. ಅಕ್ಕ ಹಾರ್ಮೋನಿಯಂ ನುಡಿಸುತ್ತ ಗುಬ್ಬಚ್ಚಿಯ ಕಡೆ ತಿರುಗಿ ಹೆಮ್ಮೆಯಿಂದ ಹುಬ್ಬು ಹಾರಿಸಿದಳು.

ಗುಬ್ಬಚ್ಚಿ ಅದನ್ನು ನೋಡಿದಳು. ಹಾಡಲಿಲ್ಲ. ತನ್ನ ಪುಟ್ಟ ಕೈ ಮುಂದೆ ಚಾಚಿ, "ಕೈ ಕೊಡಿ ಟೀಚರ್," ಎಂದಳು.

ಅಕ್ಕ ತಿದಿ ಬಿಟ್ಟಳು.