ಕಿವಿಯಲ್ಲಿ ಉಳಿದ ಹಡಗು

ಹಡಗನ್ನು ಇನ್ನೊಂದು ಸಲ ರಿಪೇರಿಗೆ ಹತ್ತಿಸುತ್ತಾರೆ ಎಂಬ ಸುದ್ದಿ ಬಂದಾಗ ನಾನು ಅಟ್ಟದ ಮೇಲೆ ಕೂತು ತೆಂಗಿನಕಾಯಿ ಕುಲುಕುತ್ತಿದ್ದೆ. ಫೋನು ಕೆಳಗೆ, ಗೂಟಕ್ಕೆ ನೇತುಹಾಕಿದ್ದ ಅಂಗಿಯ ಜೇಬಿನಲ್ಲಿತ್ತು. ಎಷ್ಟು ಹೊತ್ತು ಬಡಿದುಕೊಂಡಿತೋ ಗೊತ್ತಿಲ್ಲ. ನನ್ನ ಹೆಂಡತಿ ಏಣಿಯ ಬುಡದಲ್ಲಿ ನಿಂತು ಕೈ ಮೇಲೆತ್ತಿ ಫೋನು ಕೊಟ್ಟಳು.

"ಕಿವಿಗೇನ್ ಅರಳೆ ಇಟ್ಕಂಡಿದ್ದೀರಾ? ಆವಾಗ್ಲಿಂದ ಒಡ್ಕತಾ ಐತೆ."

ಫೋನು ಮಾಡಿದವನು ಅರಕಲಗೂಡು ತಾಲ್ಲೂಕಿನ ನನ್ನ ಗೆಳೆಯ. ಅವನ ಊರು ಸಂಗೀತಗಾರರ ಊರೆಂದೇ ಹೆಸರಾದ ರುದ್ರಪಟ್ಟಣದ ಪಕ್ಕದ್ದು. ಕರಾವಳಿಯ ಹಡಗುಕಟ್ಟೆಯಲ್ಲಿ ನಾವಿಬ್ಬರೂ ಇಪ್ಪತ್ತು ವರ್ಷಕ್ಕೂ ಮೇಲೆ ಒಂದೇ ಗ್ಯಾಂಗಿನಲ್ಲಿ ದುಡಿದಿದ್ದೇವೆ. ನಾನು ಮೇಸ್ತ್ರಿ, ಅವನು ನನ್ನ ಬಲಗೈ.

"ಲೇ, ಮುದುಕಿ ಇನ್ನೂ ಸಾಯಾಂಗಿಲ್ಲ ಕಣ್ಲಾ!" ಎಂದು ಎಂದಿನಂತೆ ಅರಚಿದ.

ಮುದುಕಿ ಎಂದರೆ ಒಂದು ಯುದ್ಧ ಹಡಗು. ಅದಕ್ಕೆ ಸರ್ಕಾರ ಇಟ್ಟ ಹೆಸರು ಬೇರೆ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಈಗಾಗಲೇ ಮೂರು ಸಲ ನಾವು ಅದರ ಹೊಟ್ಟೆ ಬಗೆದು ಹೊಲಿದಿದ್ದೇವೆ.

"ಒಸಾ ರೇಡಾರು, ಒಸಾ ಮಿಸೈಲು, ಎಲ್ಲಾ ಅಕ್ತಾರಂತೆ. ಕಂಟ್ರಾಕ್ಟರು ನಿನ್ನೇ ಕೇಳ್ದ. ನೀನ್ ಬಂದ್ರೆ ನಮ್ ಗ್ಯಾಂಗು, ಇಲ್ದಿದ್ರೆ ಯಾರೋ ಬ್ಯಾರೆಯೋರು."

"ಬತ್ತೀನಿ" ಎಂದೆ. ಯೋಚನೆ ಮಾಡಿ ಹೇಳಿದ್ದಲ್ಲ, ಬಾಯಿಗೆ ಅಭ್ಯಾಸವಾಗಿಹೋಗಿದೆ.

"ಒಂದೈತೆ. ಈ ಸಲ ಕಿವಿ ಟೆಸ್ಟು ಮಾಡುಸ್ಬೇಕಂತೆ. ಸರ್ಟಿಫಿಕೇಟ್ ಇಲ್ದಿದ್ರೆ ಗೇಟ್ ಪಾಸ್ ಇಲ್ಲ."

ನಾನು ಆರನೇ ಕ್ಲಾಸಿಗೇ ಪುಸ್ತಕ ಮುಚ್ಚಿದವನು. ಆದರೆ ಯಾರ ಮುಂದೆಯೂ ಕೈಚಾಚದೆ, ಈ ಮನೆ, ನುಗ್ಗೇಹಳ್ಳಿ ಕಡೆಯ ಈ ಎರಡು ತುಂಡು ತೆಂಗಿನ ತೋಟ, ಎಲ್ಲವನ್ನೂ ಹಡಗಿನ ಕಬ್ಬಿಣದಿಂದಲೇ ಎಬ್ಬಿಸಿದವನು. ಕೆಲಸ ಇಷ್ಟೇ. ಸಮುದ್ರದ ಪಕ್ಕದಲ್ಲಿ ಒಂದು ದೊಡ್ಡ ಗುಂಡಿ ಇರುತ್ತದೆ. ಹಡಗನ್ನು ಒಳಗೆ ತಂದು, ಬಾಗಿಲು ಹಾಕಿ, ನೀರು ಬಸಿಯುತ್ತಾರೆ. ಹಡಗು ನೆಲದ ಮೇಲೆ ನಿಲ್ಲುತ್ತದೆ. ಉಪ್ಪುನೀರು ತಿಂದ ಕಬ್ಬಿಣದ ಪ್ಲೇಟುಗಳನ್ನು ಹುಡುಕಿ, ಕತ್ತರಿಸಿ, ಹೊಸದನ್ನು ಬೆಸೆಯುವುದು ನಮ್ಮ ಪಾಲು. ಇದಕ್ಕೆ ರೀಫಿಟ್ ಎನ್ನುತ್ತಾರೆ.

ಯಾವ ಪ್ಲೇಟು ಕೆಟ್ಟಿದೆ ಎಂದು ತಿಳಿಯಲು ನಾನು ಸುತ್ತಿಗೆಯಿಂದ ತಟ್ಟುತ್ತಿದ್ದೆ. ಒಳ್ಳೆಯ ಪ್ಲೇಟು ಠಣ್ ಎನ್ನುತ್ತದೆ, ಸವೆದದ್ದು ದಬ್ ಎನ್ನುತ್ತದೆ. ಇದನ್ನು ನನಗೆ ಹಡಗುಕಟ್ಟೆಯಲ್ಲಿ ಯಾರೂ ಕಲಿಸಬೇಕಾಗಲಿಲ್ಲ. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯನ್ನು ಕಿವಿಯ ಹತ್ತಿರ ಕುಲುಕಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇನ್ನೂ ಹಸಿಯೋ ಎಂದು ಹೇಳುವುದನ್ನು ನಮ್ಮ ಕಡೆ ಮಕ್ಕಳೇ ಮಾಡುತ್ತಾರೆ. ಬಿಟ್ಟಿದ್ದರೆ ಲೊಟ್ ಲೊಟ್, ಹಸಿಯಾಗಿದ್ದರೆ ಸದ್ದೇ ಬೇರೆ. ಕಾಯಿಯಲ್ಲಿ ಪಳಗಿದ ಕಿವಿಗೆ ಕಬ್ಬಿಣ ಏನು ಮಹಾ.

ಮಾರನೆಯ ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋದರೆ ಸುದ್ದಿ ಆಗಲೇ ಅಲ್ಲಿಗೆ ಮುಟ್ಟಿತ್ತು. ಡೈರಿಯ ಸೆಕ್ರೆಟರಿ ಬಾಯಿ ಸುಮ್ಮನಿಟ್ಟುಕೊಳ್ಳುವ ಆಸಾಮಿಯಲ್ಲ.

"ಏನ್ ಮೇಸ್ತ್ರಿ, ಅಳೇ ತಗಡಿಗೆ ಒಸಾ ಬಣ್ಣ ಬಳ್ಯಕ್ಕೆ ಮತ್ತೆ ಒಂಟ್ರಾ? ನಮ್ ತೆರಿಗೆ ದುಡ್ಡು ಕಣ್ರೀ ಅದು."

"ನೀನ್ ಯಾವತ್ತಯ್ಯಾ ತೆರಿಗೆ ಕಟ್ದೆ? ಮೊದ್ಲು ಆಲಿನ ಡಿಗ್ರಿ ನೋಡು."

ಸಾಲಿನಲ್ಲಿದ್ದವರು ನಕ್ಕರು. ಅವನು ಬಿಡಲಿಲ್ಲ. "ಅಲ್ಲಾ, ಒಸಾದೇ ಕಟ್ಟುದ್ರೆ ಆಗಲ್ವಾ?"

ಎಲ್ಲರೂ ಕೇಳುವ ಪ್ರಶ್ನೆಯೇ ಇದು. ಹೊಸ ಹಡಗೆಂದರೆ ಅಂಗಡಿಗೆ ಹೋಗಿ ತರುವ ಮಾತಲ್ಲ ಎಂದು ಅವನಿಗೆ ಹೇಳಿದೆ. ಇವತ್ತು ತೀರ್ಮಾನವಾದರೆ ನಕ್ಷೆ, ಉಕ್ಕು, ಕಟ್ಟುವುದು, ನೀರಿಗಿಳಿಸುವುದು, ಪರೀಕ್ಷೆ ಮಾಡುವುದು ಎಂದು ವರ್ಷಗಳೇ ಹೋಗುತ್ತವೆ. ಅಲ್ಲಿಯತನಕ ಸಮುದ್ರ ಕಾಯುವವರು ಯಾರು? ಇರುವ ಹಡಗಿಗೇ ಹೊಸ ಕಣ್ಣು, ಹೊಸ ಕೈ ಹಾಕಿ ಕಳಿಸುತ್ತಾರೆ. ತಪ್ಪೇನಿಲ್ಲ. ಅವನು ತಲೆಯಾಡಿಸಿ ಕ್ಯಾನು ಎತ್ತಿಟ್ಟ.

ಗೆದ್ದೆನೆಂದು ಮನೆಯ ಕಡೆ ಹೊರಟೆ. ಆದರೆ ದಾರಿಯುದ್ದಕ್ಕೂ ಅವನಿಗೆ ಹೇಳದೆ ಉಳಿದ ಅರ್ಧವೇ ತಲೆಯಲ್ಲಿತ್ತು. ಹಳೆಯ ಹಡಗಿಗೆ ಹೊಸ ಯಂತ್ರ ಕೂರಿಸಿದರೆ ಅದು ಹೆಚ್ಚು ಕರೆಂಟು ಕೇಳುತ್ತದೆ. ಕರೆಂಟಿಗೆ ಜನರೇಟರು ಬೇಕು. ಯಂತ್ರ ಬಿಸಿಯಾಗದಿರಲು ತಣ್ಣೀರಿನ ಪೈಪು ಬೇಕು. ಇವಕ್ಕೆಲ್ಲ ಜಾಗ ಬೇಕು, ಆ ಜಾಗ ಹೋಗುವುದು ನಾವಿಕರು ಮಲಗುವ ಕಡೆಯಿಂದ. ಮೇಲೆ ಭಾರ ಹೆಚ್ಚಾದರೆ ಹಡಗು ಓಲಾಡುತ್ತದೆಂದು ತಳದಲ್ಲೂ ಭಾರ ತುಂಬಬೇಕು. ಭಾರ ಹೆಚ್ಚಾದಷ್ಟೂ ಓಟ ಕಡಿಮೆ. ಮದುವೆಮನೆಗೆ ಬಂದ ನೆಂಟರಂತೆ ಒಂದು ಇನ್ನೊಂದನ್ನು ಕೈಹಿಡಿದು ಕರೆತರುತ್ತದೆ. ಇನ್ನು ಗೋಡೆ ಬಿಚ್ಚಿದರೋ, ಒಂದು ಪ್ಲೇಟು ಬದಲಿಸಲು ಹೋದವರಿಗೆ ಇಡೀ ಸಾಲೇ ಸವೆದದ್ದು ಕಾಣುತ್ತದೆ. ಅಷ್ಟು ದೂರ ಬಂದ ಮೇಲೆ ಮುಚ್ಚಿ ವಾಪಸು ಹೋಗಲು ಯಾರಿಗೂ ಮನಸ್ಸು ಬರುವುದಿಲ್ಲ. ಸುರಿದದ್ದು ವ್ಯರ್ಥವಾಗುತ್ತದಲ್ಲ ಎಂದು ಇನ್ನಷ್ಟು ಸುರಿಯುತ್ತಾರೆ.

ಮುದುಕಿಯ ಮೊದಲ ರೀಫಿಟ್ ಬೇಕಾಗಿತ್ತು. ಎರಡನೆಯದೂ ಸರಿಯೇ. ಮೂರನೆಯದು ಹಟ. ನಾಲ್ಕನೆಯದರ ಬಗ್ಗೆ ನನ್ನನ್ನು ಕೇಳಿದ್ದರೆ, ಬಿಟ್ಟುಬಿಡಿ ಸ್ವಾಮಿ, ದುಡಿದದ್ದು ಸಾಕು, ಆ ದುಡ್ಡನ್ನು ಹೊಸದಕ್ಕೆ ಹಾಕಿ ಎನ್ನುತ್ತಿದ್ದೆ. ಯಾರೂ ಕೇಳಲಿಲ್ಲ. ಕೇಳಿದ್ದರೂ ಹಾಗೆ ಹೇಳುತ್ತಿದ್ದೆನೋ ಇಲ್ಲವೋ. ನನ್ನ ಗ್ಯಾಂಗಿನ ಹುಡುಗರು, ಅದರಲ್ಲೂ ಹೊಳೆನರಸೀಪುರದ ಕಡೆಯವರು, ಗದ್ದೆ ಕೂಲಿ ಬಿಟ್ಟು ನನ್ನನ್ನು ನಂಬಿ ಬಂದವರು. ನಾನೂ ಮನೆಯಲ್ಲಿ ಕೂತರೆ ತಿಂಗಳಿಗೇ ತುಕ್ಕು ಹಿಡಿಯುವ ಜಾತಿ. ಹಾಗಾಗಿ ಆ ಹಡಗು ಬದುಕಬಾರದು ಎಂದುಕೊಳ್ಳುತ್ತಲೇ ಅದಕ್ಕೆ ಬದುಕು ಕೊಡುವ ಕೆಲಸ ನನ್ನ ಕೈತಪ್ಪಬಾರದು ಎಂದು ಅವತ್ತೇ ಕಿವಿ ಪರೀಕ್ಷೆಗೆ ಹಾಸನದ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕಂಡಕ್ಟರು ಏನೋ ಕೇಳಿದ. ಹಾಸನ ಎಂದೆ. ಅವನು ಮತ್ತೆ ಏನೋ ಕೇಳಿದ, ನಾನು ಮತ್ತೆ ಹಾಸನ ಎಂದೆ. ಪಕ್ಕದ ಹೆಂಗಸು ನಕ್ಕು, "ಚಿಲ್ಲರೆ ಕೇಳ್ತಾವ್ರೆ ಕಣಣ್ಣ" ಎಂದಳು. ಬಸ್ಸಿನ ಎಂಜಿನ್ನು ಗದ್ದಲ ಎಂದುಕೊಂಡೆ. ಶಾಂತಿಗ್ರಾಮ ದಾಟುವವರೆಗೂ ಕಿಟಕಿಯಾಚೆ ನೋಡುತ್ತಾ ಕೂತೆ.

ಕಿವಿ ಡಾಕ್ಟರ ಬಳಿ ಒಂದು ಸಣ್ಣ ಕೋಣೆಯಿತ್ತು. ದಪ್ಪ ಗೋಡೆ, ದಪ್ಪ ಬಾಗಿಲು, ಒಂದು ಕುರ್ಚಿ. ಹಡಗಿನೊಳಗಿನ ಗೂಡುಗಳಂಥದ್ದೇ. ಪರೀಕ್ಷೆ ಮಾಡುವ ಹುಡುಗಿ ನನ್ನ ಕಿವಿಗೆ ಹೆಡ್‌ಫೋನು ಹಾಕಿ, ಕೈಗೆ ಒಂದು ಬಟನ್ನು ಕೊಟ್ಟು, ಮುಖದ ಹತ್ತಿರ ಬಂದು ಜೋರಾಗಿ ಹೇಳಿದಳು:

"ಅಂಕಲ್, ಶಬ್ದ ಕೇಳಿಸಿದ ತಕ್ಷಣ ಇದನ್ನು ಒತ್ತಿ. ಎಷ್ಟೇ ಸಣ್ಣದಾಗಿ ಕೇಳಿಸಿದ್ರೂ ಒತ್ತಿ, ಆಯ್ತಾ?"

ಬಾಗಿಲು ಮುಚ್ಚಿದಳು. ಅಷ್ಟು ಮೌನವಾದ ಜಾಗದಲ್ಲಿ ನಾನು ಯಾವತ್ತೂ ಕೂತಿರಲಿಲ್ಲ. ಸ್ವಲ್ಪ ಹೊತ್ತಿಗೇ ಶಬ್ದ ಬಂತು. ಸಣ್ಣಗೆ, ಸ್ಪಷ್ಟವಾಗಿ. ಒತ್ತಿದೆ. ಮತ್ತೆ ಬಂತು, ಒತ್ತಿದೆ. ಒಂದನ್ನೂ ಬಿಡಲಿಲ್ಲ. ಇಷ್ಟಕ್ಕೆ ಹೆದರಿದೆನಲ್ಲ ಎಂದು ನಾಚಿಕೆಯೂ ಆಯಿತು. ಕಾಯಿ ಕುಲುಕಿದ ಕಿವಿ ಎಲ್ಲಿಗೆ ಹೋಗುತ್ತದೆ ಎಂದುಕೊಂಡು ಇನ್ನೂ ಜೋರಾಗಿ ಒತ್ತಿದೆ.

ಬಾಗಿಲು ತೆರೆದು ಹುಡುಗಿ ತಲೆ ಒಳಗೆ ಹಾಕಿದಳು.

"ಅಂಕಲ್, ನಾನಿನ್ನೂ ಶುರುನೇ ಮಾಡಿಲ್ಲ."

"ಮತ್ತೆ ಬತ್ತಾ ಐತಲ್ಲಮ್ಮ?"

"ಏನು ಬರ್ತಿದೆ? ಹೇಗೆ ಕೇಳಿಸ್ತಿದೆ?"

"ಠಣ್ ಅಂತೈತೆ. ಒಳ್ಳೇ ಪ್ಲೇಟು ತಟ್ಟುದಂಗೆ."

ಅವಳಿಗೆ ನಗು ಬಂತು, ಆಮೇಲೆ ನನ್ನ ಮುಖ ನೋಡಿ ನುಂಗಿಕೊಂಡಳು. "ಅದು ಮಿಷನ್ನಿಂದಲ್ಲ ಅಂಕಲ್. ನಿಮ್ಮ ಕಿವಿಯೊಳಗಿನದೇ."

ಹೋದ ರೀಫಿಟ್ಟಿನ ಒಂದು ದಿನ ನನಗೆ ಆಗ ನೆನಪಾಯಿತು. ಹಡಗಿನ ತಳದಲ್ಲಿ ಒಂದು ಪ್ಲೇಟು ತಟ್ಟಿ, ಇದು ಗಟ್ಟಿ, ಮುಟ್ಟಬೇಡಿ ಎಂದಿದ್ದೆ. ದಪ್ಪ ಅಳೆಯುವ ಯಂತ್ರ ಹಿಡಿದುಕೊಂಡಿದ್ದ ಎಂಜಿನಿಯರು, ಇಲ್ಲ ಮೇಸ್ತ್ರಿ, ತೆಳುವಾಗಿದೆ ಎಂದ. ನಾನು ಮತ್ತೆ ತಟ್ಟಿದೆ, ಠಣ್ ಎಂದಿತು. ಆಣೆ ಮಾಡಿ ಹೇಳಬಲ್ಲೆ, ಠಣ್ ಎಂದೇ ಕೇಳಿಸಿತು. ಅವನು ಕತ್ತರಿಸಿ ಎಂದ. ಕತ್ತರಿಸಿದರೆ ಹಪ್ಪಳದಂತೆ ಮುರಿದು ಕೈಗೆ ಬಂತು. ಕಬ್ಬಿಣವೂ ಸುಳ್ಳು ಹೇಳುತ್ತದೆಯೇ ಎಂದು ಅವತ್ತಿನಿಂದ ತಲೆ ಕೆಡಿಸಿಕೊಂಡಿದ್ದೆ. ಸುಳ್ಳು ಹೇಳಿದ್ದು ಕಬ್ಬಿಣವಲ್ಲ. ಪ್ಲೇಟು ದಬ್ ಎಂದಿದೆ, ಠಣ್ ಎಂದದ್ದು ನನ್ನ ಕಿವಿ. ಆ ಹಡಗನ್ನು ಬಿಡಲೊಲ್ಲದ ಮೇಲಿನವರಿಗೂ ಇಂಥದ್ದೇ ಏನೋ ಇರಬೇಕು. ಪ್ರಾಯದಲ್ಲಿ ಅದರ ಮೇಲೆ ಸಮುದ್ರ ಸುತ್ತಿದವರು. ಎಲ್ಲಿ ತಟ್ಟಿದರೂ ಅವರಿಗೆ ಗಟ್ಟಿಯಾಗಿಯೇ ಕೇಳಿಸುತ್ತದೆ.

ಆಮೇಲೆ ನಿಜವಾದ ಪರೀಕ್ಷೆ ನಡೆಯಿತು. ಅದರಲ್ಲಿ ನಾನು ಬಟನ್ನು ಒತ್ತಿದ್ದು ಅಪರೂಪಕ್ಕೆ. ಡಾಕ್ಟರು ಒಳ್ಳೆಯ ಮನುಷ್ಯ, ನಿಧಾನವಾಗಿ, ತುಟಿ ಕಾಣುವಂತೆ ಮಾತಾಡಿದರು. "ನರ ಸವೆದಿದೆ. ಹೋದದ್ದು ವಾಪಸು ಬರಲ್ಲ. ಕಿವಿಗೆ ಮಿಷನ್ ಹಾಕಿದ್ರೆ ಮನೆಯಲ್ಲಿ ಮಾತುಕತೆ ಕೇಳಿಸುತ್ತೆ. ಆದ್ರೆ ಮತ್ತೆ ಆ ಗದ್ದಲಕ್ಕೆ ಹೋದ್ರೆ ಉಳಿದಿರೋದೂ ಹೋಗುತ್ತೆ."

"ಅಳೇ ತಗಡಿಗೆ ಒಸಾ ಮಿಷನ್ನು ಅನ್ನಿ ಸಾ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಸುಮ್ಮನೆ ನಕ್ಕರು.

ಗೆಳೆಯ ಅರಕಲಗೂಡಿನಿಂದ ಬಂದು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ. ಟೀ ಅಂಗಡಿಯ ಮುಂದೆ ನಿಂತು ನಡೆದದ್ದನ್ನು ಹೇಳಿದೆ.

"ಸರ್ಟಿಫಿಕೇಟ್ ತಾನೆ?" ಎಂದ ಅವನು. "ನಮ್ ಕಡೆಯೋನೊಬ್ಬ ಅವ್ನೆ, ಕಿವೀನೇ ಇಲ್ದಿರೋನ್ಗೂ ಬರ್ಸಿ ಕೊಡ್ತಾನೆ. ಯಾಕ್ಲಾ ಮಕ ಅಂಗ್ ಮಾಡ್ಕಂಡಿದ್ದೀಯ?"

ಸುಲಭವಾಗಿತ್ತು. ಒಂದು ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಟೀ ಕೈಯಲ್ಲಿ ಹಿಡಿದುಕೊಂಡು ಬೇರೆಯೇ ಒಂದನ್ನು ಕೇಳಿದೆ. ಹೋದ ಸಲ ಹಡಗಿನ ಟ್ಯಾಂಕಿನೊಳಗೆ ಸರಪಳಿಗೆ ನೇತುಹಾಕಿದ್ದ ಪ್ಲೇಟು ಜಾರಿತ್ತು. ಇವನು ನನ್ನ ಕಾಲರು ಹಿಡಿದು ಹಿಂದಕ್ಕೆಳೆದಿದ್ದ. ನಾನು ನಿಂತಿದ್ದ ಜಾಗದಲ್ಲೇ ಅದು ಬಿದ್ದಿತ್ತು.

"ಅವತ್ತು ಎಳೆಯಕ್ ಮುಂಚೆ ಕೂಗಿದ್ದಾ?"

ಅವನು ಟೀ ಲೋಟದೊಳಗೆ ನೋಡಿದ. "ಬಿಡ್ಲಾ, ಅಳೇದು."

"ಕೂಗಿದ್ದಾ ಇಲ್ವಾ?"

"ಗಂಟ್ಲು ಅರ್ಕಂಡಿದ್ದೆ ಕಣ್ಲಾ. ನೀನ್ ತಿರುಗ್ಲೇ ಇಲ್ಲ."

ಅವತ್ತು ನನ್ನ ತಲೆಯ ಮೇಲೆ ಬೀಳಬೇಕಾದದ್ದು ನಾಳೆ ಇನ್ನೊಬ್ಬ ಹುಡುಗನ ಮೇಲೆ ಬೀಳಬಹುದು. ಅವನು ಮೇಸ್ತ್ರೀ ಎಂದು ಕೂಗುತ್ತಿರುತ್ತಾನೆ, ನಾನು ಒಳ್ಳೆಯ ಪ್ಲೇಟಿನ ಸದ್ದು ಕೇಳುತ್ತಾ ನಿಂತಿರುತ್ತೇನೆ.

"ನೀನೇ ಮೇಸ್ತ್ರಿಯಾಗಿ ಕರ್ಕಂಡೋಗು" ಎಂದೆ.

"ಥೂ, ನನ್ ಕೈಲಾದದಾ?"

"ಸಂಗೀತದೂರ ಪಕ್ಕದೋನು, ಕಿವಿ ನೆಟ್ಟಗೈತೆ. ಪ್ಲೇಟು ಮಿಷನ್ನು ನೋಡ್ಕತದೆ. ನೀನು ಉಡುಗ್ರು ಕೂಗಿದ್ದು ಕೇಳುಸ್ಕೊ, ಸಾಕು."

ಅಲ್ಲಿಂದಲೇ ಕಂಟ್ರಾಕ್ಟರಿಗೆ ಫೋನು ಮಾಡಿದೆ. ಗೆಳೆಯ ಪಕ್ಕದಲ್ಲಿ ಕಿವಿಯಿಟ್ಟು ಅವನು ಹೇಳಿದ್ದನ್ನು ನನಗೆ ಹೇಳುತ್ತಿದ್ದ. ನನ್ನ ಬದಲು ಇವನು ಬರುತ್ತಾನೆ ಎಂದದ್ದಕ್ಕೆ ಆ ಕಡೆಯಿಂದ ಬಂದ ಉತ್ತರ: "ಆಗ್ಲಿ ಬಿಡಿ, ಗ್ಯಾಂಗ್ ಬಂದ್ರೆ ಸಾಕು." ಅಷ್ಟೇ. ಇಷ್ಟು ವರ್ಷದ ಮೇಸ್ತ್ರಿಯನ್ನು ಬಿಟ್ಟುಕೊಡಲು ಟೀ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. ಮುದುಕಿಯ ವಿಷಯದಲ್ಲಿ ಎಷ್ಟು ಮೀಟಿಂಗು, ಎಷ್ಟು ಫೈಲು, ಎಷ್ಟು ವರ್ಷದ ಜಗ್ಗಾಟ ನಡೆದಿತ್ತೋ. ಅದಕ್ಕೆ ಇನ್ನೊಂದಿಷ್ಟು ಆಯಸ್ಸು ಸಿಕ್ಕಿತು. ಹೋಗಲಿ, ಹುಡುಗರಿಗೆ ಕೆಲಸ ಉಳಿಯಿತು.

ಮಧ್ಯಾಹ್ನದ ಬಸ್ಸಿಗೆ ಚನ್ನರಾಯಪಟ್ಟಣಕ್ಕೆ ಬಂದು, ಅಲ್ಲಿಂದ ಊರಿಗೆ ಬಂದೆ. ಹೆಂಡತಿ ಅಟ್ಟದ ಮೇಲಿದ್ದಳು. ಕೊಬ್ಬರಿ ವ್ಯಾಪಾರದವನು ಮಾರನೆಯ ದಿನ ಬರುವವನಿದ್ದ. ಹಿಂದಿನ ದಿನ ನಾನು ಆರಿಸಿಟ್ಟ ಗುಡ್ಡೆಯ ಮುಂದೆ ಕೂತು ಅವಳು ಒಂದೊಂದೇ ಕಾಯಿ ತೆಗೆದು ಪಕ್ಕಕ್ಕಿಡುತ್ತಿದ್ದಳು. ನಾನು ಏಣಿ ಹತ್ತಿ ಕೂತೆ.

"ಇದ್ರಾಗೆ ಅರ್ಧ ಅಸಿ ಕಾಯೇ ಸೇರ್ಸಿದ್ದೀರಲ್ರೀ" ಎಂದಳು, ನನ್ನ ಕಡೆ ತಿರುಗಿ ಜೋರಾಗಿ. ಎಷ್ಟು ದಿನದಿಂದ ಹೀಗೆ ತಿರುಗಿ ಜೋರಾಗಿ ಮಾತಾಡುತ್ತಿದ್ದಾಳೋ, ಅವತ್ತೇ ನಾನು ಗಮನಿಸಿದ್ದು. "ಏನಂದ್ರು ಡಾಕ್ಟ್ರು?"

ಹೇಳಿದೆ. ಹೋಗುವುದಿಲ್ಲ ಎಂದೂ ಹೇಳಿದೆ. ಅವಳು ಸೆರಗಿನಿಂದ ಕೈಯ ಧೂಳು ಒರೆಸಿಕೊಂಡು, ಗುಡ್ಡೆಯನ್ನು ನನ್ನ ಕಡೆ ತಳ್ಳಿದಳು.

"ನನ್ ಕೈ ಸೋತೋಯ್ತು. ನೀವ್ ಕುಲುಕಿ, ನಾನ್ ಕೇಳುಸ್ಕತೀನಿ."

ಒಂದು ಕಾಯಿ ಎತ್ತಿ ಅವಳ ಕಿವಿಯ ಹತ್ತಿರ ಹಿಡಿದು ಕುಲುಕಿದೆ. ಅವಳು ತಲೆಯಾಡಿಸಿದಳು. ಬಲಕ್ಕಿಟ್ಟೆ. ಇನ್ನೊಂದು, ಮತ್ತೊಂದು. ಆಮೇಲಿನದು ನನಗೆ ಚೆನ್ನಾಗಿ ಬಿಟ್ಟಿದೆ ಎಂದೇ ಕೇಳಿಸಿತು. ಬಲಕ್ಕೆ ಕೈ ಚಾಚಿದ್ದೆ.

"ಊಂಹೂಂ. ಅದಿನ್ನೂ ಬಿಟ್ಟಿಲ್ಲ."

ಅವಳ ಮುಖ ನೋಡಿದೆ. ಕಾಯನ್ನು ಎಡಕ್ಕಿಟ್ಟೆ.