ಒದ್ದೆ ಬಟ್ಟೆ ಕಟ್ಟಿದವಳು ನಾನು

ಮೊದಲು ಬಂದದ್ದು ಕೆಮ್ಮು. ಅದಕ್ಕೆ ನಾನು ನಕ್ಕೆ.

ನಾನು ಬ್ಯಾಡಗಿಯವಳು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ನಡುವೆ ಆಡಿ ಬೆಳೆದವಳು. ಸೀಸನ್ನಿನಲ್ಲಿ ಹೊರಗಿನವರು ನಮ್ಮೂರಿನಲ್ಲಿ ಬಸ್ಸು ಇಳಿಯುವ ಮೊದಲೇ ಸೀನತೊಡಗಿದರೆ, ನಾವು ಹುಡುಗಿಯರು ನಿಂತು ನೋಡಿ ನಗುತ್ತಿದ್ದೆವು. ಘಾಟು ತಡೆಯಲಾರದವರು ನಮ್ಮ ಪಾಲಿಗೆ ಕೈಲಾಗದವರು. ಆ ಜಂಬವನ್ನು ಮದುವೆಯಾಗಿ ರಾಣೆಬೆನ್ನೂರಿಗೆ ಬರುವಾಗ ಸೀರೆಗಳ ಜೊತೆಗೇ ತಂದಿದ್ದೆ.

ಕೆಮ್ಮಿದವಳು ನೀಲಾ, ನನ್ನ ಗಂಡನ ತಂಗಿ. ಹಲಗೇರಿಗೆ ಕೊಟ್ಟಿದ್ದೇವೆ. ನಾನು ಮನೆಯಲ್ಲೇ ಉಪ್ಪಿನಕಾಯಿ, ನಿಂಬೆ ಸ್ಕ್ವಾಷ್ ಮಾಡಿ ಅಂಗಡಿಗಳಿಗೆ ಕೊಡುತ್ತೇನೆ. ಆ ಕೆಲಸಕ್ಕೆ ಅವಳು ದಿನಾ ಬೆಳಿಗ್ಗೆ ಬಸ್ಸು ಹತ್ತಿ ಬರುತ್ತಿದ್ದಳು. ಚಿಕ್ಕಂದಿನಿಂದ ಅವಳಿಗೆ ಮಳೆಗಾಲದಲ್ಲಿ ಸ್ವಲ್ಪ ದಮ್ಮು. ನಾನು ಒಗ್ಗರಣೆ ಹಾಕಿದರೆ ಅಂಗಳಕ್ಕೆ ಓಡುವಳು. ರಾಣೆಬೆನ್ನೂರಿನ ನಾಜೂಕು ಮೂಗು ಎಂದು ಚೇಷ್ಟೆ ಮಾಡುತ್ತಿದ್ದೆ. ಅವಳೂ ನಗುತ್ತಿದ್ದಳು. ಈಗ ನೆನೆದರೆ, ಪಾಪ, ನಗದೆ ಬೇರೆ ದಾರಿಯಿರಲಿಲ್ಲ ಅವಳಿಗೆ.

ಸ್ಕ್ವಾಷ್ ಕೆಡದಿರಲೆಂದು ಅದಕ್ಕೊಂದು ಬಿಳಿ ಪುಡಿ ಹಾಕುತ್ತೇವೆ. ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ಬಾಯಿ ತಿರುಗದ ಹೆಸರು, ಕೆಎಂಎಸ್ ಅನ್ನುತ್ತೇವೆ. ಹಾವೇರಿಯಲ್ಲಿ ಹೆಂಗಸರಿಗೆಂದು ನಡೆದ ತರಬೇತಿಯಲ್ಲಿ ಅದನ್ನು ಬಳಸುವುದು ಕಲಿತಿದ್ದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೂ ಬಂದಿದ್ದೆ. ಮೊದಲ ವರ್ಷ ತೂಗಿ ಹಾಕಿದೆ. ಎರಡನೇ ವರ್ಷ ಚಮಚದಲ್ಲಿ ಹಾಕಿದೆ. ಆಮೇಲೆ ಕಣ್ಣಳತೆ ಸಾಕೆನಿಸಿತು. ನೋಟ್‌ಬುಕ್ಕು ಅಟ್ಟ ಸೇರಿತು.

ಆ ಮಧ್ಯಾಹ್ನ ಮಳೆ ಹಿಡಿದಿತ್ತು. ಪುಡಿಯ ಡಬ್ಬಿಯ ಮುಚ್ಚಳ ಸಡಿಲಾಗಿ, ಒಳಗಿನದೆಲ್ಲ ತೇವ ಹೀರಿ ಗಂಟುಗಟ್ಟಿತ್ತು. ಕುಟ್ಟಿ ಪುಡಿ ಮಾಡು ಎಂದು ನೀಲಾಳ ಮುಂದೆ ಕಲ್ಬತ್ತು ಇಟ್ಟೆ. ನೊಣ ಬರುತ್ತವೆಂದು ಕಿಟಕಿ ಹಾಕಿದ್ದೆವು. ನಾಲ್ಕು ಏಟು ಕುಟ್ಟುವಷ್ಟರಲ್ಲಿ ಅವಳಿಗೆ ಕೆಮ್ಮು ಬಂತು.

ಬ್ಯಾಡಗಿಯಲ್ಲಿ ತೊಟ್ಟು ಬಿಡಿಸುವವರು ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುತ್ತಾರೆ. ಮೆಣಸಿನಕಾಯಿಯ ಧೂಳು ಬಟ್ಟೆಗೇ ಅಂಟಿ ನಿಲ್ಲುತ್ತದೆ. ನನ್ನ ಅವ್ವ ಕಟ್ಟುತ್ತಿದ್ದಳು, ನನಗೂ ಕಟ್ಟುತ್ತಿದ್ದಳು. ನಾನೂ ಹಾಗೇ ಒಂದು ಹಳೇ ಸೀರೆಯ ತುಂಡು ತೆಗೆದುಕೊಂಡು, ಪಕ್ಕದಲ್ಲಿದ್ದ ಬಕೆಟ್ಟಿನಲ್ಲಿ ಅದ್ದಿ ಹಿಂಡಿದೆ. ಹಿಂಡಿದ ನಿಂಬೆಯ ಸಿಪ್ಪೆಗಳನ್ನು ನೆನೆಹಾಕಿದ್ದ ಬಕೆಟ್ಟು ಅದು. ನಿಂಬೆಯ ವಾಸನೆಗೆ ಘಾಟು ಸೋಲುತ್ತದೆ ಎಂದು ಬೇರೆ ಹೇಳಿದೆ. ತಲೆಯ ಹಿಂದೆ ಬಿಗಿಯಾಗಿ ಗಂಟು ಹಾಕಿದೆ.

'ವೈನಿ, ಉಸರ ಬರವಲ್ದು,' ಎಂದಳು ಬಟ್ಟೆಯ ಒಳಗಿಂದ.

'ಇದೇನ್ ಘಾಟು? ಬ್ಯಾಡಗಿಗೆ ಬಂದು ನೋಡು,' ಎಂದೆ.

ಅವಳು ಮತ್ತೆ ಕುಟ್ಟಿದಳು. ನಾನು ಹೇಳಿದೆನೆಂದು ಕುಟ್ಟಿದಳು.

ಎರಡು ನಿಮಿಷವಾಗಿರಬಹುದು. ಕಲ್ಬತ್ತು ಉರುಳಿದ ಸದ್ದಾಯಿತು. ನೀಲಾ ಗೋಡೆಗೆ ಒರಗಿ, ಎರಡೂ ಕೈಯಿಂದ ಬಟ್ಟೆ ಕಿತ್ತುಕೊಳ್ಳುತ್ತಿದ್ದಳು. ನಾನು ಹಾಕಿದ ಗಂಟು ಬಿಚ್ಚಲು ನನಗೇ ಬರಲಿಲ್ಲ, ಕತ್ತರಿ ಹಾಕಿದೆ. ಆ ಬಟ್ಟೆ ನನ್ನ ಮೂಗಿನ ಹತ್ತಿರ ಬಂದಾಗ ಬೆಂಕಿಕಡ್ಡಿ ಗೀರಿದಂಥ ವಾಸನೆ ರಪ್ಪನೆ ಹೊಡೆಯಿತು. ಅದು ಮೆಣಸಿನಕಾಯಿಯ ಘಾಟಲ್ಲ, ಆ ಪುಡಿಯದು. ಆ ಕ್ಷಣವೇ ನನಗೆ ಗೊತ್ತಾಯಿತು.

ಗೊತ್ತಾಗಿಯೂ ನಾನು ಹೇಳಲಿಲ್ಲ.

ಆಟೋದಲ್ಲಿ ಹತ್ತಿರದ ಆಸ್ಪತ್ರೆಗೆ ಹೋದೆವು. ತುಟಿ ನೀಲಿಯಾಗಿತ್ತು. ನೆಬ್ಯುಲೈಸರ್ ಹಚ್ಚಿದರು, ಆಕ್ಸಿಜನ್ ಕೊಟ್ಟರು, ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟರು. ವಯಸ್ಸಿನಲ್ಲಿ ನನಗಿಂತ ಚಿಕ್ಕ ಡಾಕ್ಟರಮ್ಮ, ಏನು ಉಸಿರಾಡಿದ್ದಾಳೆ ಎಂದು ಕೇಳಿದರು. ಉಪ್ಪಿನಕಾಯಿಯ ಖಾರ ಕುಟ್ಟುತ್ತಿದ್ದಳು ಎಂದೆ. ಮಾತು ತಾನಾಗಿ ಬಂತು. ನಮ್ಮ ಕಡೆ ಕೆಮ್ಮಿಗೆಲ್ಲ ಒಂದೇ ಕಾರಣ, ಮೆಣಸಿನಕಾಯಿ. ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಡಾಕ್ಟರಮ್ಮ ಅದನ್ನೇ ಬರೆದುಕೊಂಡರು. ಸುದ್ದಿ ಕೇಳಿ ಬಂದ ಅತ್ತೆ ಮಾತ್ರ, ಬ್ಯಾಡಗಿ ಸೊಸೆಯನ್ನು ತಂದದ್ದಕ್ಕೆ ಮಗಳ ಎದೆ ಸುಟ್ಟಿತು ಎಂದು ಎಲ್ಲರ ಮುಂದೆ ಅಂದರು. ಬೈಗುಳ ಕೇಳುವುದು ನನಗೆ ಸುಲಭವಾಗಿತ್ತು. ಅದರ ಹಿಂದೆ ಅಡಗಿಕೊಳ್ಳಬಹುದಿತ್ತು.

ಸಂಜೆಯ ಹೊತ್ತಿಗೆ ಅವಳ ಉಸಿರು ತಹಬಂದಿಗೆ ಬಂತು. ರಕ್ತದಲ್ಲಿ ಆಕ್ಸಿಜನ್ ಏರಿತು ಎಂದರು ನರ್ಸು. ನಾನು ಕಾಣದ ದೇವರಿಗೆಲ್ಲ ಕೈಮುಗಿದೆ. ಗಂಡನಿಗೆ ಮಾತ್ರ ನಿಜ ಹೇಳಿದೆ. ಅವರು, ಆರಾಮಾಗಾಕತ್ತಾಳಲ್ಲ, ಈಗ ಅದನ್ನೆಲ್ಲ ಎತ್ತಬ್ಯಾಡ ಎಂದರು. ಅಂಗಡಿಯವರ ಕಿವಿಗೆ ಬಿದ್ದರೆ ಒಂದು ಬಾಟಲಿಯೂ ಹೋಗುವುದಿಲ್ಲ ಎಂಬ ಭಯ ಅವರಿಗೆ. ಆ ಸಲಹೆ ನನಗೂ ಹಿತವಾಗಿತ್ತು. ಅವರೊಬ್ಬರನ್ನೇ ದೂರಲಾರೆ.

ಮರುದಿನ ನೀಲಾ ಎದ್ದು ಕುಳಿತಳು. ಬಾಯಿ ಒಣಗಿದೆ, ಏನಾದರೂ ಹುಳಿ ಬೇಕು ಎಂದಳು. ನಾನು ಮನೆಗೆ ಓಡಿ, ನಮ್ಮದೇ ನಿಂಬೆ ಸ್ಕ್ವಾಷ್ ತಂದು, ನೀರು ಬೆರೆಸಿ ಕೊಟ್ಟೆ. ಹಿಂದಿನ ವಾರದ ಬಾಟಲಿ, ಕಣ್ಣಳತೆಯ ಪುಡಿ ಬಿದ್ದದ್ದು. ಮೂಗಿಗೆ ಹೋಗುವುದು ಬೇರೆ, ಹೊಟ್ಟೆಗೆ ಹೋಗುವುದು ಬೇರೆ ಎಂದುಕೊಂಡಿದ್ದೆ. ಊರೆಲ್ಲ ಕುಡಿಯುವುದಿಲ್ಲವೇ. ಮೇಲಾಗಿ, ನನ್ನ ಕೈಯ ಸ್ಕ್ವಾಷ್ ಎಂಬ ಹೆಮ್ಮೆ.

ಅರ್ಧ ಲೋಟ ಕುಡಿದಳು. ಮೈಮೇಲೆ ದದ್ದು ಎದ್ದಿತು. ಆಮೇಲೆ ಉಸಿರು ನಿಂತೇಹೋದಂತಾಯಿತು.

ಡಾಕ್ಟರಮ್ಮ ಓಡಿಬಂದರು. ಲೋಟ ಎತ್ತಿ ಮೂಸಿದರು. ಇದರಲ್ಲಿ ಏನಿದೆ ಎಂದು ಕೇಳಿದರು. ಗಂಡ ನನ್ನ ಕಡೆ ನೋಡಿದರು. ನೀಲಾ ಬಾಯಿ ತೆರೆದು ಗಾಳಿ ಹುಡುಕುತ್ತಿದ್ದಳು.

ಹೇಳಿದೆ. ಪುಡಿಯ ಹೆಸರು ಹೇಳಿದೆ, ಕುಟ್ಟಿಸಿದ್ದು ಹೇಳಿದೆ, ಕಿಟಕಿ ಹಾಕಿದ್ದು, ಬಕೆಟ್ಟಿನ ನೀರು, ಬಟ್ಟೆ, ಎಲ್ಲ.

'ಹಸೀ ಅರಿವಿ ಯಾರ್ ಕಟ್ಟಿದ್ರಿ?'

'ನಾನ ರೀ.'

ಅವರು ಬೈಯಲಿಲ್ಲ. ಇಂಜೆಕ್ಷನ್ ಕೊಡುತ್ತಲೇ ಹೇಳಿದರು: ಆ ಪುಡಿಗೆ ನೀರು ತಾಗಿದರೆ ಗ್ಯಾಸ್ ಏಳುತ್ತದೆ, ಹುಳಿ ತಾಗಿದರೆ ಇನ್ನೂ ಜೋರಾಗಿ ಏಳುತ್ತದೆ. ಹಾರಿದ ಪುಡಿಯೆಲ್ಲ ಆ ಬಟ್ಟೆಗೆ ಅಂಟಿ, ಮೂಗಿನ ಬುಡದಲ್ಲೇ ಗ್ಯಾಸ್ ಆಗಿದೆ. ಎಷ್ಟೋ ಜನಕ್ಕೆ ಅಳತೆಯಲ್ಲಿದ್ದರೆ ಏನೂ ಮಾಡದ ಪುಡಿ, ದಮ್ಮು ಇರುವ ಕೆಲವರಿಗೆ ಒಂದು ಗುಟುಕಿನಲ್ಲೂ ಹೀಗೆ ಮಾಡುತ್ತದೆ. ನಿನ್ನೆಯೇ ಹೇಳಿದ್ದರೆ ಆ ಲೋಟ ಅವಳ ಕೈಗೆ ಹೋಗಲು ಬಿಡುತ್ತಿರಲಿಲ್ಲ ಎಂದರು.

ಆ ಕೊನೆಯ ಮಾತು ಇನ್ನೂ ನನ್ನ ಎದೆಯಲ್ಲಿ ಹಾಗೇ ಕೂತಿದೆ.

ಆಂಬ್ಯುಲೆನ್ಸಿನಲ್ಲಿ ಹಾವೇರಿಗೆ ಕರೆದೊಯ್ದೆವು. ನಾಲ್ಕು ದಿನ ಐಸಿಯು. ಗಾಜಿನ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತು ಅವಳ ಎದೆ ಏಳುವುದನ್ನೂ ಇಳಿಯುವುದನ್ನೂ ನೋಡಿದೆ. ನನ್ನ ಉಸಿರು ಸಲೀಸಾಗಿ ಬರುತ್ತಿತ್ತು. ಬ್ಯಾಡಗಿಯ ಗಟ್ಟಿ ಎದೆ. ಅದರ ಮೇಲೆ ನನಗೆ ಅಸಹ್ಯ ಹುಟ್ಟಿತು.

ಪುಡಿಯ ಬಗ್ಗೆ ಏನಾದರೂ ಬರಹ ಇದ್ದರೆ ತನ್ನಿ ಎಂದು ಅಲ್ಲಿನ ಡಾಕ್ಟರರು ಕೇಳಿದ್ದರು. ಡಬ್ಬಿಯ ಮೇಲೆ ಚೀಟಿ ಇರಲಿಲ್ಲ. ನಾನೇ ತೊಳೆದು ತೆಗೆದಿದ್ದೆ. ಮನೆಗೆ ಬಂದು ಅಟ್ಟದಿಂದ ನೋಟ್‌ಬುಕ್ಕು ಇಳಿಸಿದೆ. ಟೊಮೆಟೊ ಸಾಸಿಗೂ ನಿಂಬೆ ಸ್ಕ್ವಾಷಿಗೂ ನಡುವೆ ಒಂದು ಪುಟ. ಒಣ ಜಾಗದಲ್ಲಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ಗಂಟಾದದ್ದನ್ನು ಬಳಸಬಾರದು. ತೂಗಿಯೇ ಹಾಕಬೇಕು. ಕಿಟಕಿ ಬಾಗಿಲು ತೆರೆದಿರಬೇಕು. ಕೊನೆಯಲ್ಲಿ, ಅಡಿಗೆರೆ ಎಳೆದು: ದಮ್ಮು ಇರುವವರು ಹತ್ತಿರ ಬರಬಾರದು.

ಅಕ್ಷರ ನನ್ನದು. ಗೆರೆಯೂ ನನ್ನದೇ.

ನೀಲಾ ಬದುಕಿದಳು. ಇದಕ್ಕಿಂತ ದೊಡ್ಡ ಮಾತು ನನ್ನ ಹತ್ತಿರ ಇಲ್ಲ. ಡಿಸ್ಚಾರ್ಜ್ ಆಗಿ ಎರಡು ತಿಂಗಳಾಯಿತು. ಬೆಳಿಗ್ಗೆ, ಸಂಜೆ ಇನ್‌ಹೇಲರ್ ಎಳೆಯುತ್ತಾಳೆ. ಇನ್ನೊಂದು ಸದಾ ಸೆರಗಿನ ಗಂಟಿನಲ್ಲಿರುತ್ತದೆ. ಬಾಟಲಿಯ ಶರಬತ್ತು, ಸಾಸು, ತಿಳಿ ಬಣ್ಣದ ಒಣದ್ರಾಕ್ಷಿ, ಅಂಥ ಪುಡಿ ಬೀಳುವ ಯಾವುದೂ ಅವಳಿಗಿಲ್ಲ. ಬಸ್ಸು ಹತ್ತಿ ನಮ್ಮ ಮನೆಗೆ ಬರುವುದೂ ಇಲ್ಲ. ನಾನು ಸ್ಕ್ವಾಷ್ ನಿಲ್ಲಿಸಿದೆ. ಉಪ್ಪು, ಎಣ್ಣೆಯಲ್ಲೇ ನಿಲ್ಲುವ ಉಪ್ಪಿನಕಾಯಿ ಮಾತ್ರ ಮಾಡುತ್ತೇನೆ. ಯಾಕೆ ನಿಲ್ಲಿಸಿದಿರಿ ಎಂದು ಕೇಳಿದ ಅಂಗಡಿಯವರಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದ್ದೇನೆ. ಗಂಡ ಒಂದು ವಾರ ಮಾತು ಬಿಟ್ಟಿದ್ದರು. ಬಿಡಲಿ.

ಮೊನ್ನೆ ಹಲಗೇರಿಗೆ ಹೋಗಿದ್ದೆ. ನೋಟ್‌ಬುಕ್ಕು ಚೀಲದಲ್ಲಿತ್ತು. ಯಾಕೆ ಒಯ್ದೆನೋ, ಕಾಲಿಗೆ ಬೀಳುವ ಧೈರ್ಯವಿಲ್ಲದ್ದಕ್ಕೆ ಇರಬೇಕು. ಅವಳು ಅಂಗಳದಲ್ಲಿ ಕುರ್ಚಿ ಹಾಕಿದಳು. ಒಂದು ನಿಂಬೆಹಣ್ಣು ಕೊಯ್ದು, ನನ್ನ ಕಣ್ಣೆದುರೇ ಹಿಂಡಿ, ಶರಬತ್ತು ಮಾಡಿಕೊಟ್ಟಳು. ಲೋಟ ಪಕ್ಕಕ್ಕಿಟ್ಟೆ. ನೋಟ್‌ಬುಕ್ಕು ತೆಗೆದು ಆ ಪುಟ ತೋರಿಸಿದೆ. ನೀಲಾ ಶಾಲೆಗೆ ಹೋದದ್ದು ಎರಡೇ ವರ್ಷ. ಅಕ್ಷರಗಳ ಮೇಲೆ ಬೆರಳಾಡಿಸಿ, ಏನು ಬರೆದಿದೆ ಎಂದು ಕೇಳಿದಳು. ಓದಿದೆ. ಅಡಿಗೆರೆ ಎಳೆದ ಕೊನೆಯ ಸಾಲನ್ನೂ ಓದಿದೆ.

ಅವಳು ಆ ಗೆರೆಯ ಮೇಲೆ ಬೆರಳಿಟ್ಟಳು.

'ಆವತ್ತ ಇದೊಂದು ಸಾಲು ಓದಿ ಹೇಳಿದ್ರ ಆಗತಿತ್ತು ವೈನಿ,' ಎಂದಳು. 'ನಾ ಹೊರಗ ಕುಂತು ನಿಂಬಿಹಣ್ಣು ಹಿಂಡತಿದ್ದೆ.'

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಸೆರಗಿನ ಗಂಟು ಬಿಚ್ಚಿ ಇನ್‌ಹೇಲರ್ ಎಳೆದುಕೊಂಡಳು, ಹತ್ತು ಎಣಿಸುವವರೆಗೆ ಉಸಿರು ಹಿಡಿದಳು, ಬಿಟ್ಟಳು. ಆಮೇಲೆ ತನ್ನ ಕುರ್ಚಿಯನ್ನು ನನ್ನ ಹತ್ತಿರ ಎಳೆದಳು.

'ಇನ್ನೊಮ್ಮೆ ಓದ್ರಿ,' ಎಂದಳು. 'ಸಾವಕಾಶ ಓದ್ರಿ.'