ಮಹಾದೇವಿಯ ಫೋಲ್ಡರು

ಇವತ್ತು ಬೆಳಿಗ್ಗೆ ನನ್ನ ಮೇಜಿನ ಮೇಲೆ ಒಂದು ಹಾಳೆ ಬಂದು ಕೂತಿದೆ. ಮಹಾದೇವಿ ಎಂಬಾಕೆಯನ್ನು ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆಯಾಗಿ ತೆಗೆದುಕೊಳ್ಳಬೇಕೆಂದಿರುವ ಕಂಪನಿಯೊಂದು, ಆಕೆ ಹಿಂದೆ ನಮ್ಮಲ್ಲಿ ಹೇಗೆ ಕೆಲಸ ಮಾಡುತ್ತಿದ್ದರು ಎಂದು ಕೇಳಿದೆ. ಮೂರು ಪ್ರಶ್ನೆಗಳಿಗೆ ಟೀ ಮುಗಿಯುವಷ್ಟರಲ್ಲಿ ಉತ್ತರ ಬರೆದೆ. ನಾಲ್ಕನೆಯದು: ‘ಇವರ ಕೈಯಲ್ಲಿ ದೊಡ್ಡ ಲೋಪವೊಂದು ನಡೆದಿತ್ತೆಂದು ಕೇಳಿದ್ದೇವೆ. ನಿಜವೇ? ವಿವರ ಕೊಡಿ.’ ಕೆಳಗೆ ಖಾಲಿ ಜಾಗ. ಅದರ ಕೆಳಗೆ ನಮ್ಮ ಮ್ಯಾನೇಜರರ ಸಹಿಗೆ ಇನ್ನೊಂದು ಖಾಲಿ ಜಾಗ. ಎರಡನೇ ಟೀ ಬಂದು ಆರಿಹೋಯಿತು.

ನನ್ನ ಕಸುಬನ್ನು ನಿಮಗೆ ಒಂದಿಷ್ಟು ಹೇಳಿಬಿಡುತ್ತೇನೆ, ಬೇಸರಪಡಬೇಡಿ. ನನ್ನ ಹೆಂಡತಿ ಇಪ್ಪತ್ತು ವರ್ಷದಿಂದ ಪಡುತ್ತಿದ್ದಾಳೆ, ಅಷ್ಟು ಸಾಕು. ನಮ್ಮದು ಬಿಡಿಭಾಗ ಮಾರುವ ಕಂಪನಿ. ಆಫೀಸು ಸಯನ್‌ನಲ್ಲಿ, ಗೋದಾಮು ಕುರ್ಲಾದಲ್ಲಿ. ಯಾವ ಕಂಪ್ಯೂಟರಿಗೆ ಪೆನ್‌ಡ್ರೈವ್ ಹಾಕಬಹುದು, ಯಾವುದಕ್ಕೆ ಹಾಕಬಾರದು, ಇಂಥ ನಿಯಮಗಳನ್ನು ನಾನು ಕೂತಲ್ಲಿಂದಲೇ ಎಲ್ಲ ಯಂತ್ರಗಳಿಗೂ ಕಳಿಸುತ್ತೇನೆ. ನಿಯಮಗಳನ್ನು ಆರಿಸಲು ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿ ಏನು ಕಾಣಬೇಕೆಂದು ಹೇಳುವ ಕಡತಗಳಿಗೆ ಟೆಂಪ್ಲೇಟು ಎನ್ನುತ್ತೇವೆ. ಅವೆಲ್ಲ ಸರ್ವರಿನ ಒಂದೇ ಫೋಲ್ಡರಿನಲ್ಲಿರುತ್ತವೆ.

ಕಷ್ಟವೇನೆಂದರೆ, ಸಯನ್‌ನಲ್ಲಿ ಹೊಸ ವಿಂಡೋಸ್, ಕುರ್ಲಾದಲ್ಲಿ ಓಬೀರಾಯನ ಕಾಲದ್ದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಹಳೆಯ ಟೆಂಪ್ಲೇಟು ಇಟ್ಟರೆ ಹೊಸ ನಿಯಮ ಪಟ್ಟಿಯಲ್ಲಿ ಕಾಣದು, ಬರೀ ಹೊಸದಿಟ್ಟರೆ ಕೆಲವು ಹಳೆಯವು ಮಾಯ. ಮಾಯವೆಂದರೆ ಪಟ್ಟಿಯಿಂದ ಮಾತ್ರ. ಯಂತ್ರದಲ್ಲಿ ನಿಯಮ ನಡೆಯುತ್ತಲೇ ಇರುತ್ತದೆ. ನಮ್ಮಜ್ಜಿ ಹೋಗಿ ಎಷ್ಟೋ ಕಾಲವಾದ ಮೇಲೂ ಮನೆಯಲ್ಲಿ ಮಂಗಳವಾರ ಯಾರೂ ಕ್ಷೌರ ಮಾಡಿಸುತ್ತಿರಲಿಲ್ಲ. ಬೇಡವೆಂದವಳು ಇಲ್ಲ, ಮಾಡಿಸಬಹುದು ಎನ್ನುವವರೂ ಇಲ್ಲ. ಅದೇ ರೀತಿ.

ಈ ಗೋಜಲನ್ನು ನಾನು ಎಂಟು ವರ್ಷ ಬೈದುಕೊಂಡು ನಿಭಾಯಿಸಿದ್ದೆ. ಆಮೇಲೆ ವಿಜಯಪುರದ ಮಹಾದೇವಿ ಬಂದಳು. ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಬಂದ ತಿಂಗಳಲ್ಲೇ ಫೋಲ್ಡರಿನ ಜವಾಬ್ದಾರಿಯನ್ನು ಮ್ಯಾನೇಜರ್ ಆಕೆಗೆ ಕೊಟ್ಟರು. ಹೊಸದನ್ನು ಹಾಕುವ ಮೊದಲು ಹಳೆಯದನ್ನು ಪಕ್ಕದಲ್ಲಿ ಎತ್ತಿಡುವುದು ಆಕೆಯ ಪದ್ಧತಿ.

“ಹಳೇದು ಒಗೀಬ್ಯಾಡ್ರಿ ಸರ, ಮಗ್ಗಲಕ ಇಡ್ರಿ. ಎಂದರ ಬೇಕಾಗ್ತೈತಿ,” ಎನ್ನುತ್ತಿದ್ದಳು.

ಕುರ್ಲಾದ ಯಂತ್ರಗಳಿಗೆಂದೇ ತಾನೇ ಕೂತು ಒಂದು ಟೆಂಪ್ಲೇಟು ಬರೆದಳು. ಅದು ಬೇಕೆಂದು ನನಗೆ ಹೊಳೆದೇ ಇರಲಿಲ್ಲ. “ಪರವಾಗಿಲ್ಲ, ನಡೆಯುತ್ತೆ ಬಿಡಿ,” ಎಂದೆ. ಚೆನ್ನಾಗಿದೆ ಎನ್ನಲು ಬಾಯಿ ಬರಲಿಲ್ಲ.

ಹೊಟ್ಟೆಕಿಚ್ಚು ದೊಡ್ಡ ಸಂಗತಿಗಳಿಂದ ಬರುತ್ತದೆಂದು ನೀವು ತಿಳಿದಿದ್ದರೆ ನಿಮಗೆ ಅದರ ಪರಿಚಯ ಸಾಲದು. ಕುರ್ಲಾ ಗೋದಾಮು ನೋಡಿಕೊಳ್ಳುವ ಕಾಕಾ ಎಂಟು ವರ್ಷದಲ್ಲಿ ನನಗೆ ಒಂದು ಲೋಟ ನೀರು ಕೊಟ್ಟವರಲ್ಲ. ಆಕೆಗೆ ಕುರ್ಚಿ ಒರೆಸಿ, ವಡಾಪಾವ್ ತರಿಸುತ್ತಿದ್ದರು. ಒಮ್ಮೆ ನಾನೊಬ್ಬನೇ ಹೋದಾಗ ನನ್ನ ಬೆನ್ನ ಹಿಂದೆ ಇಣುಕಿ, “ಮ್ಯಾಡಮ್ ನಹೀ ಆಯೀ ಕ್ಯಾ?” ಎಂದರು, ಮ್ಯಾಡಮ್ ಬಂದಿಲ್ಲವೇ ಎಂದು. ಆ ದಿನ ಕುರ್ಲಾದಿಂದ ವಾಪಸು ಬರುವಾಗ ಲೋಕಲ್ ರೈಲಿನಲ್ಲಿ ಕೂರಲು ಜಾಗ ಸಿಕ್ಕರೂ ನಿಂತೇ ಬಂದೆ. ಮನೆಯಲ್ಲಾದರೂ ನೆಮ್ಮದಿಯೇ? ಆಂಟಾಪ್ ಹಿಲ್‌ನ ನಮ್ಮ ಅಡುಗೆಮನೆಯಲ್ಲಿ ಮಹಾದೇವಿ ಕೊಟ್ಟ ಶೇಂಗಾ ಚಟ್ನಿಪುಡಿಯ ಡಬ್ಬಿ. “ಎಷ್ಟು ರುಚಿಯಾಗಿ ಮಾಡ್ತಾಳಲ್ರೀ ಹುಡುಗಿ,” ಎಂದು ಹೆಂಡತಿ. ನಾನು ಉಪ್ಪು ಹೆಚ್ಚಾಗಿದೆ ಎಂದೆ. ಆಗಿರಲಿಲ್ಲ.

ಅಷ್ಟರಲ್ಲಿ ಇನ್‌ಚಾರ್ಜ್ ಹುದ್ದೆ ಖಾಲಿಯಾಯಿತು. ಅದು ಮಹಾದೇವಿಗೇ ಎಂದು ಎಲ್ಲರೂ ಮಾತಾಡಿಕೊಂಡರು, ನನಗೂ ಗೊತ್ತಿತ್ತು. ಒಂದು ಶನಿವಾರ ಮಧ್ಯಾಹ್ನ, ಆಕೆ ರಜೆಯಲ್ಲಿದ್ದಾಗ, ನನಗೂ ಈ ವಿದ್ಯೆ ಬರುತ್ತದೆಂದು ತೋರಿಸುವ ಹುಕಿ ಬಂತು. ಸರ್ವರಿನ ಫೋಲ್ಡರನ್ನು ಪೂರ್ತಿ ಅಳಿಸಿ ನನ್ನ ಹೊಸ ಲ್ಯಾಪ್‌ಟಾಪಿನ ಟೆಂಪ್ಲೇಟುಗಳನ್ನು ತಂದು ಸುರಿದೆ. ಪಕ್ಕದಲ್ಲಿ ಆಕೆ ಎತ್ತಿಟ್ಟಿದ್ದ ಹಳೆಯವೂ ಕಂಡವು. ಅವನ್ನೂ ಅಳಿಸಿದೆ. ಕೈತಪ್ಪಿ ಅಲ್ಲ. ಅವು ಆಕೆಯವು ಎಂಬುದಕ್ಕೇ ಅಳಿಸಿದೆ.

ಸೋಮವಾರ ಕುರ್ಲಾದಲ್ಲಿ ಇಂಟರ್ನೆಟ್ ಕುಂಟತೊಡಗಿತು. ಸಣ್ಣ ನಿಯಮವೊಂದು ಹೋದೀತು, ದೊಡ್ಡ ಕಡತ ಹೋಗದು. ಸರಕಿನ ಪಟ್ಟಿಯನ್ನು ಪೆನ್‌ಡ್ರೈವಿನಲ್ಲೇ ಒಯ್ಯಬೇಕು, ಅದಕ್ಕಾಗಿ ಆ ಯಂತ್ರಗಳ ಪೆನ್‌ಡ್ರೈವ್ ನಿಷೇಧವನ್ನು ಒಂದು ದಿನ ಸಡಿಲಿಸಬೇಕು. ಮಹಾದೇವಿ ಪಟ್ಟಿ ತೆರೆದರೆ ಆ ನಿಯಮವೇ ಇಲ್ಲ, ಯಂತ್ರಗಳಲ್ಲಿ ನಿಷೇಧ ಮಾತ್ರ ನಡೆಯುತ್ತಲೇ ಇದೆ. ಫೋಲ್ಡರಿನಲ್ಲಿ ಆಕೆಯ ಟೆಂಪ್ಲೇಟೂ ಇಲ್ಲ, ಎತ್ತಿಟ್ಟಿದ್ದೂ ಇಲ್ಲ. ಗೋದಾಮಿನ ಮುಂದೆ ಟ್ರಕ್ಕುಗಳು ಸಾಲುಗಟ್ಟಿದವು. ಮ್ಯಾನೇಜರ್ ಬಂದು ಇಬ್ಬರನ್ನೂ ಎದುರಿಗೆ ನಿಲ್ಲಿಸಿ, “ಕಿಸ್‌ನೇ ಕಿಯಾ ಯೇ?” ಎಂದರು, ಯಾರು ಮಾಡಿದ್ದು ಇದನ್ನು ಎಂದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಅದನ್ನೂ ಮಾಡದ ಪಕ್ಕಾ ಕಳ್ಳ. ಕೀಬೋರ್ಡಿನ ಧೂಳು ನೋಡುತ್ತಾ ನಿಂತೆ. ಮಹಾದೇವಿ ನನ್ನತ್ತ ಒಮ್ಮೆ ನೋಡಿ, “ಫೋಲ್ಡರ್ ಮೇರೆ ಚಾರ್ಜ್ ಮೇ ಥಾ ಸರ್,” ಎಂದಳು. ಫೋಲ್ಡರು ತನ್ನ ಜವಾಬ್ದಾರಿಯಲ್ಲಿತ್ತೆಂದು ತಪ್ಪನ್ನು ತನ್ನ ತಲೆಗೇ ಹಾಕಿಕೊಂಡಳು.

ಆಮೇಲೆ ಕೂತು ಆ ಟೆಂಪ್ಲೇಟನ್ನು ಮೊದಲಿನಿಂದ ಕೊನೆಯವರೆಗೆ ನೆನಪಿನಿಂದಲೇ ಮತ್ತೆ ಬರೆದಳು. ಮೂರು ಗಂಟೆಗೆ ಟ್ರಕ್ಕುಗಳು ಹೊರಟವು. ಪಶ್ಚಾತ್ತಾಪ ಆಗಬೇಕಿದ್ದ ಆ ಹೊತ್ತಿನಲ್ಲಿ ನನಗೆ ಆದದ್ದೇನು ಗೊತ್ತೇ? ಇನ್ನಷ್ಟು ಹೊಟ್ಟೆಕಿಚ್ಚು. ಇಷ್ಟೆಲ್ಲ ಆಕೆಗೆ ನೆನಪಿತ್ತಲ್ಲ ಎಂದು.

ಹುದ್ದೆ ನನಗೆ ಬಂತು. ವರ್ಷದೊಳಗೆ ಮಹಾದೇವಿ ಬೇರೆ ಕಡೆ ಹೋದಳು. ಅದಾಗಿ ಆರು ವರ್ಷ.

ಹಾಳೆಗೆ ‘ಇಲ್ಲ’ ಎಂದು ಬರೆದು ಮುಗಿಸೋಣ ಎಂದುಕೊಂಡೆ. ಆದರೆ ಸಹಿ ಹಾಕಬೇಕಾದ ಮ್ಯಾನೇಜರರಿಗೆ ಆ ಸೋಮವಾರ ಮರೆತಿಲ್ಲ. ‘ಹೌದು’ ಎಂದರೆ ಆಕೆಗೆ ಸಿಗಲಿರುವ ಕೆಲಸ ತಪ್ಪುತ್ತದೆ. ಊಟದ ಹೊತ್ತಿಗೆ ಮಹಾದೇವಿಗೇ ಫೋನು ಮಾಡಿ ವಿಷಯ ಹೇಳಿದೆ.

“ಇಲ್ಲಂತ ಬರೀಬ್ಯಾಡ್ರಿ ಸರ. ಆಗಿದ್ದಂತೂ ಖರೇ ಐತಲ್ರಿ,” ಎಂದಳು.

“ಮಹಾದೇವಿ, ಅವತ್ತು ಅದನ್ನ ಅಳಿಸಿದ್ದು ನಾನು ಕಣಮ್ಮ.”

“ಗೊತ್ತೈತ್ರಿ.”

ಆಕೆಯೇ ಮುಂದುವರಿದಳು. “ಹೊಸಾ ಟೆಂಪ್ಲೇಟಿನ್ಯಾಗ ಒಂದು ಸ್ಕ್ಯಾನರಿಂದು ಬಂದಿತ್ರಿ. ಆ ಸ್ಕ್ಯಾನರ್ ಇಡೀ ಆಫೀಸಿನ್ಯಾಗ ನಿಮ್ಮ ಲ್ಯಾಪ್‌ಟಾಪಿಗೆ ಒಂದಕ್ಕ ಇತ್ತು. ಸೋಮವಾರನ ನೋಡಿದ್ನಿ.”

“ಮತ್ತೆ ಯಾಕೆ ಹೇಳಲಿಲ್ಲ?”

“ನೀವ ಹೇಳ್ತೀರಂತ ಹಾದಿ ನೋಡಿದ್ನಿರಿ. ಭಾಳ ದಿನಾ ನೋಡಿದ್ನಿ. ಆಮ್ಯಾಲ ಸಾಕಾತು, ಬ್ಯಾರೆ ಕಡೆ ಹೋದ್ನಿ.”

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ರೈಲು ತಪ್ಪಿದ್ದನ್ನು ಹೇಳುವಂತೆ ಹೇಳಿದಳು.

ನಾಲ್ಕನೆಯ ಪ್ರಶ್ನೆಗೆ ಹೀಗೆ ಬರೆದೆ: ‘ಲೋಪ ನಡೆದಿದ್ದು ನಿಜ. ಮಾಡಿದವನು ನಾನು, ಬೇಕೆಂದೇ. ಸರಿಪಡಿಸಿದವರು ಅವರು.’ ಬರೆಯುವಾಗಲೂ, ಆಕೆ ಕೂರಲಿರುವ ಕುರ್ಚಿ ನನ್ನದಕ್ಕಿಂತ ದೊಡ್ಡದಲ್ಲವೇ ಎಂದು ಹಳೆಯ ಹೊಟ್ಟೆಕಿಚ್ಚು ತಲೆಯೆತ್ತಿತು. ಎತ್ತಲಿ ಬಿಡಿ. ಹಾಳೆಯನ್ನು ಒಯ್ದು ಮ್ಯಾನೇಜರರ ಮುಂದಿಟ್ಟೆ. ಅವರು ಮೊದಲು ಮರಾಠಿಯಲ್ಲಿ ಏನೋ ಹೇಳಿ ನಕ್ಕು, ಕೂರಲು ಕೈ ತೋರಿಸಿದರು. ನಾಲ್ಕನೆಯ ಉತ್ತರಕ್ಕೆ ಬಂದಾಗ ನಗು ನಿಂತಿತು. ಎರಡನೇ ಸಲ ಓದುತ್ತಿದ್ದಾರೆ. ನಾನು ಕೂತಿಲ್ಲ.